ಒಂದು ನೃತ್ಯತಂಡದ ಉಯಿಲು

ತನ್ನ ಕಾಲ ಮುಗಿದ ಮೇಲೆ ತನ್ನ ತಂಡವೂ ಮುಗಿಯಬೇಕು ಎಂದು ತೀರ್ಮಾನಿಸಿದವರು ಮರ್ಸ್ ಕನಿಂಗ್‌ಹ್ಯಾಮ್. 1953ರಲ್ಲಿ ಹುಟ್ಟಿದ ತಂಡ 2011ರ ಕೊನೆಯ ರಾತ್ರಿ ಕೊನೆಯ ಬಾರಿ ಕುಣಿಯಿತು. ಹಾಗಾದರೆ ಅವರು ಕಟ್ಟಿದ ಸುಮಾರು 180 ನೃತ್ಯಗಳ ಗತಿ ಏನಾಯಿತು?

2011ರ ಡಿಸೆಂಬರ್ 31. ಹೊಸ ವರ್ಷಕ್ಕೆ ಇನ್ನು ಕೆಲವೇ ಗಂಟೆ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಜನಸಾಗರ ಸೇರುತ್ತಿದ್ದ ಹೊತ್ತಿಗೆ ಅದೇ ಊರಿನ ಪಾರ್ಕ್ ಅವೆನ್ಯೂ ಆರ್ಮರಿಯಲ್ಲಿ ಇನ್ನೊಂದು ಗುಂಪು ಸೇರಿತ್ತು. ಹಿಂದೊಮ್ಮೆ ಸೈನಿಕರು ಕವಾಯತು ನಡೆಸುತ್ತಿದ್ದ ವಿಶಾಲ ಭವನವದು. ಒಳಗೆ ಒಂದರ ಬದಲು ಮೂರು ವೇದಿಕೆ. ಪ್ರೇಕ್ಷಕರಿಗೆ ಗೊತ್ತುಪಡಿಸಿದ ಆಸನವಿಲ್ಲ. ಬೇಕಾದಲ್ಲಿ ನಿಲ್ಲಬಹುದು, ಒಂದು ವೇದಿಕೆ ಬಿಟ್ಟು ಇನ್ನೊಂದರತ್ತ ನಡೆಯಬಹುದು. ಎಲ್ಲಿ ನಿಂತರೂ ಪೂರ್ತಿ ಕಾಣುವುದಿಲ್ಲ. ಇಲ್ಲಿ ಒಬ್ಬಳು ಒಂಟಿಕಾಲಲ್ಲಿ ನಿಂತು ಬೆನ್ನನ್ನು ಬಾಗಿಸುತ್ತಿದ್ದರೆ ಅತ್ತ, ನಮ್ಮ ಬೆನ್ನ ಹಿಂದೆ, ಮೂವರು ಜಿಗಿಯುತ್ತಿರುತ್ತಾರೆ.

ಒಟ್ಟು 14 ನರ್ತಕರು. ಐದು ದಶಕಗಳ ನೃತ್ಯಗಳಿಂದ ಆಯ್ದ ತುಣುಕುಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು. ಒಂದು ಗಂಟೆಯೂ ಹಿಡಿಯಲಿಲ್ಲ. ಅಲ್ಲಿಗೆ ಮರ್ಸ್ ಕನಿಂಗ್‌ಹ್ಯಾಮ್ ನೃತ್ಯತಂಡ ಮುಗಿಯಿತು.

ಸಾಲದ ಹೊರೆಗೆ ಕುಸಿದ ತಂಡವಲ್ಲ ಅದು. ಎರಡು ವರ್ಷ ಹಿಂದೆಯೇ, 2009ರ ಜೂನ್‌ನಲ್ಲಿ, ಅದರ ಮುಕ್ತಾಯದ ಯೋಜನೆ ಬಹಿರಂಗವಾಗಿತ್ತು. ಆಗ ಕನಿಂಗ್‌ಹ್ಯಾಮರಿಗೆ 90 ವರ್ಷ, ಗಾಲಿಕುರ್ಚಿಯಲ್ಲೇ ಓಡಾಟ. ಯೋಜನೆ ಸ್ಪಷ್ಟವಾಗಿತ್ತು: ತಾನು ತೀರಿಕೊಂಡ ಮೇಲೆ ತಂಡ ಎರಡು ವರ್ಷ ಜಗತ್ತು ಸುತ್ತಬೇಕು, ಆಮೇಲೆ ಬಾಗಿಲು ಹಾಕಬೇಕು. ನೃತ್ಯಗಳ ಹಕ್ಕು 2000ದಲ್ಲೇ ಸ್ಥಾಪಿಸಿದ ಟ್ರಸ್ಟ್‌ಗೆ. ನರ್ತಕರು, ಸಂಗೀತಗಾರರು, ಸಿಬ್ಬಂದಿ ಬರಿಗೈಲಿ ಹೋಗಬಾರದು, ಅವರಿಗೆ ಪರಿಹಾರವೂ ಬೇರೆ ಬದುಕು ಕಟ್ಟಿಕೊಳ್ಳಲು ನೆರವೂ ಸಿಗಬೇಕು. ಈ ಎಲ್ಲಕ್ಕೆ ಅಂದಾಜಿಸಿದ ಮೊತ್ತ 80 ಲಕ್ಷ ಡಾಲರ್. ಯೋಜನೆ ಹೊರಬಿದ್ದ ಮರುತಿಂಗಳು, ಜುಲೈ 26ರಂದು, ಅವರು ತೀರಿಕೊಂಡರು.

ಕಲಾವಿದನೊಬ್ಬ ಇಷ್ಟು ಶಾಂತವಾಗಿ ತನ್ನ ಸಂಸ್ಥೆಯ ಕೊನೆಯನ್ನು ಬರೆದಿಟ್ಟದ್ದು ಅಪರೂಪ. ಅದು ಅರ್ಥವಾಗಬೇಕಾದರೆ ಆ ನೃತ್ಯಗಳನ್ನೇ ಹತ್ತಿರದಿಂದ ನೋಡಬೇಕು. ಎಪ್ಪತ್ತು ವರ್ಷ ಅವರು ನೃತ್ಯಕ್ಕೆ ಬಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದವರು. ಕಥೆಯ ಗಂಟು, ಸಂಗೀತದ ಗಂಟು, ಕರ್ತೃವಿನ ಇಷ್ಟಾನಿಷ್ಟಗಳ ಗಂಟು. ಕೊನೆಗೆ ಉಳಿದದ್ದು ತಂಡ.

ನವರಸದ ದಾರಿಯಲ್ಲಿ

ಕನಿಂಗ್‌ಹ್ಯಾಮ್ ಹುಟ್ಟಿದ್ದು 1919ರಲ್ಲಿ, ಅಮೆರಿಕದ ವಾಯವ್ಯ ಮೂಲೆಯ ಸೆಂಟ್ರೇಲಿಯಾ ಎಂಬ ಸಣ್ಣ ಊರಿನಲ್ಲಿ. ಸಿಯಾಟಲ್‌ನ ಕಾರ್ನಿಶ್ ಶಾಲೆಯಲ್ಲಿ ನೃತ್ಯ ಕಲಿಯುವಾಗ ತರಗತಿಗೆ ಪಿಯಾನೊ ನುಡಿಸಲು ಬಂದ ಯುವಕ ಜಾನ್ ಕೇಜ್. ಆ ಪರಿಚಯ 1992ರಲ್ಲಿ ಕೇಜ್ ಸಾಯುವವರೆಗೂ ಉಳಿಯಿತು, ಬದುಕಿನಲ್ಲೂ ಕೆಲಸದಲ್ಲೂ.

1939ರಲ್ಲಿ ಅವರು ಮಾರ್ತಾ ಗ್ರಹಾಂ ತಂಡ ಸೇರಿದರು. ಆಧುನಿಕ ನೃತ್ಯದ ಮಹಾತಾಯಿ ಗ್ರಹಾಂ. ಆಕೆಯ ನೃತ್ಯವೆಂದರೆ ಕಥೆ, ಪುರಾಣ, ಒಡಲಾಳದ ತಳಮಳ. 1944ರ ‘ಅಪಲೇಚಿಯನ್ ಸ್ಪ್ರಿಂಗ್’ನಲ್ಲಿ ಧರ್ಮಬೋಧಕನ ಪಾತ್ರ ಮಾಡಿದ ಕನಿಂಗ್‌ಹ್ಯಾಮ್ ಮರುವರ್ಷ ಆ ತಂಡ ಬಿಟ್ಟರು. ಪ್ರತಿ ಚಲನೆಗೂ ಒಂದು ಅರ್ಥ ಇರಲೇಬೇಕೇ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು.

ಇಲ್ಲಿ ಭಾರತದ ಎಳೆಯೊಂದು ಕೂಡಿಕೊಳ್ಳುತ್ತದೆ. 1946ರಲ್ಲಿ ಅಹಮದಾಬಾದ್‌ನಿಂದ ಗೀತಾ ಸಾರಾಭಾಯಿ ನ್ಯೂಯಾರ್ಕ್‌ಗೆ ಬಂದರು. ಪಾಶ್ಚಾತ್ಯ ಸಂಗೀತ ಕಲಿಯಬೇಕೆಂಬುದು ಆಕೆಯ ಆಸೆ. ಕೇಜ್ ಆಕೆಗೆ ಅದನ್ನು ಕಲಿಸಿದರು, ಪ್ರತಿಯಾಗಿ ಆಕೆಯಿಂದ ಹಿಂದೂಸ್ತಾನದ ಸಂಗೀತವನ್ನೂ ಅದರ ಹಿಂದಿನ ಚಿಂತನೆಯನ್ನೂ ಕಲಿತರು. ಆನಂದ ಕುಮಾರಸ್ವಾಮಿಯವರ ಬರಹಗಳು ಕೇಜ್ ಕೈಸೇರಿದ್ದೂ ಅದೇ ದಶಕದಲ್ಲಿ. ರಸಸಿದ್ಧಾಂತ ಗೆಳೆಯರಿಬ್ಬರನ್ನೂ ಹಿಡಿದುಕೊಂಡಿತು. 1951ರಲ್ಲಿ ಕನಿಂಗ್‌ಹ್ಯಾಮ್ ಕಟ್ಟಿದ ‘ಸಿಕ್ಸ್‌ಟೀನ್ ಡಾನ್ಸಸ್’ ನವರಸಗಳ ಮೇಲೆಯೇ ನಿಂತ ಕೃತಿ. ಶೃಂಗಾರ, ವೀರ, ಭಯಾನಕ ಎಲ್ಲವನ್ನೂ ಹಾದು ಅದು ಶಾಂತದಲ್ಲಿ ಮುಗಿಯುತ್ತದೆ.

ಆದರೆ ಯಾವ ರಸದ ಹಿಂದೆ ಯಾವುದು ಬರಬೇಕು? ಅದಕ್ಕೆ ಅವರು ನಾಣ್ಯ ಚಿಮ್ಮಿದರು. ಸ್ಥಾಯಿಭಾವಗಳಿಂದ ಹೊರಟ ಕೃತಿಯೊಳಗೇ ಕರ್ತೃವಿನ ಇಚ್ಛೆಯನ್ನು ಬದಿಗಿಡುವ ಪ್ರಯೋಗ ಆರಂಭವಾಯಿತು. ನನ್ನ ದೃಷ್ಟಿಯಲ್ಲಿ ಅವರ ಇಡೀ ಮುಂದಿನ ಹಾದಿ ಕವಲೊಡೆದದ್ದು ಈ ಜಾಗದಲ್ಲಿ. ಮುಂದಿನ ಕೃತಿಗಳಲ್ಲಿ ರಸಗಳು ಹಿಂದೆ ಸರಿದವು, ನಾಣ್ಯ ಉಳಿಯಿತು.

— ಚೌಕಟ್ಟು —
ನಾಣ್ಯ ಚಿಮ್ಮಿ ನೃತ್ಯ ಕಟ್ಟುವುದು ಹೇಗೆ?
*ಮೊದಲು ಚಲನೆಗಳ ಪಟ್ಟಿ: ಜಿಗಿತ, ತಿರುವು, ಬೀಳು, ನಿಲುವು. ಯಾವುದು ಮೊದಲು, ಯಾವ ದಿಕ್ಕಿಗೆ, ಎಷ್ಟು ಹೊತ್ತು, ಎಷ್ಟು ಮಂದಿ ಎಂಬುದನ್ನು ನಾಣ್ಯವೋ ದಾಳವೋ ಚೀನಾದ ಪ್ರಾಚೀನ ಗ್ರಂಥ ‘ಐ ಚಿಂಗ್’ನ 64 ಆಕೃತಿಗಳೋ ತೀರ್ಮಾನಿಸುತ್ತವೆ. 1976ರ ‘ಟೋರ್ಸ್’ನಲ್ಲಿ ಚಲನೆಯ ಪದಗುಚ್ಛಗಳೂ 64. ಒಮ್ಮೆ ತೀರ್ಮಾನವಾದರೆ ಮುಗಿಯಿತು. ನರ್ತಕರು ಅದನ್ನು ಕೂದಲೆಳೆಯಷ್ಟೂ ತಪ್ಪದಂತೆ ಕಲಿಯುತ್ತಾರೆ. ವೇದಿಕೆಯ ಮೇಲೆ ಮನಸ್ಸಿಗೆ ಬಂದಂತೆ ಕುಣಿಯಲು ಅವಕಾಶವಿಲ್ಲ.*

ಹೆಜ್ಜೆ ಅದರ ಪಾಡಿಗೆ, ದನಿ ಅದರ ಪಾಡಿಗೆ

1953ರ ಬೇಸಿಗೆ. ಉತ್ತರ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಕಾಲೇಜು. ಕೆಲವೇ ನರ್ತಕರೊಂದಿಗೆ ತಂಡ ಹುಟ್ಟಿತು. ಕ್ಯಾರೊಲಿನ್ ಬ್ರೌನ್, ವಯೋಲಾ ಫಾರ್ಬರ್, ಮುಂದೆ ತಾವೇ ದೊಡ್ಡ ತಂಡ ಕಟ್ಟಿದ ಪಾಲ್ ಟೇಲರ್ ಅವರಲ್ಲಿ ಸೇರಿದ್ದರು. ಸಂಗೀತಕ್ಕೆ ಕೇಜ್ ಮತ್ತು ಡೇವಿಡ್ ಟ್ಯೂಡರ್. ಮರುವರ್ಷ ರಂಗಸಜ್ಜಿಕೆಗೆ ಸೇರಿಕೊಂಡವರು ರಾಬರ್ಟ್ ರೌಶೆನ್‌ಬರ್ಗ್, ಆಗಿನ್ನೂ ಹೆಸರಾಗದ ಚಿತ್ರಕಾರ.

ಈ ತಂಡದ ಅತಿ ವಿಚಿತ್ರ ನಿಯಮ ನಮ್ಮ ನೆಲದವರಿಗೆ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ನೃತ್ಯಕ್ಕೂ ಸಂಗೀತಕ್ಕೂ ಸಂಬಂಧವಿಲ್ಲ. ನೃತ್ಯ ಕಟ್ಟುವವರು ಒಂದು ಕಡೆ, ಸಂಗೀತ ರಚಿಸುವವರು ಇನ್ನೊಂದು ಕಡೆ, ದೃಶ್ಯ ಬರೆಯುವವರು ಮತ್ತೊಂದು ಕಡೆ. ಎಷ್ಟು ನಿಮಿಷ ಎಂಬುದಷ್ಟೇ ಒಪ್ಪಂದ. ನರ್ತಕರ ಅಭ್ಯಾಸ ನಿಶ್ಶಬ್ದದಲ್ಲಿ, ಕನಿಂಗ್‌ಹ್ಯಾಮ್ ಕೈಯಲ್ಲಿ ಸ್ಟಾಪ್‌ವಾಚ್. ಎಷ್ಟೋ ಕೃತಿಗಳಲ್ಲಿ ನರ್ತಕರು ಸಂಗೀತವನ್ನು ಮೊದಲು ಕೇಳಿದ್ದು ಮೊದಲ ಪ್ರದರ್ಶನದ ರಾತ್ರಿಯೇ.

ಭಾಗವತರ ಹಾಡು, ಮದ್ದಳೆಯ ಪೆಟ್ಟು ಬಿಟ್ಟು ಹೆಜ್ಜೆಯನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟ. ನಟ್ಟುವಾಂಗದ ತಾಳ ತಪ್ಪಿದರೆ ಭರತನಾಟ್ಯವೇ ತಪ್ಪಿದಂತೆ. ಆದರೆ ಬೀದಿಯಲ್ಲಿ ಹೋಗುವವಳ ನಡಿಗೆ ಮತ್ತು ಪಕ್ಕದ ಮನೆಯ ರೇಡಿಯೊದ ಹಾಡು ಒಂದಕ್ಕೊಂದು ಗೊತ್ತಿಲ್ಲದೆಯೇ ಕ್ಷಣಕಾಲ ಕೂಡಿಬರುತ್ತವಲ್ಲ, ಆ ಕೂಡಿಬರುವಿಕೆಯೇ ಕನಿಂಗ್‌ಹ್ಯಾಮರಿಗೆ ಬೇಕಿದ್ದದ್ದು. ತಾಳ ಹೊರಗಿನಿಂದ ಬಾರದಿದ್ದರೆ ನರ್ತಕ ಅದನ್ನು ಒಡಲೊಳಗೇ ಹೊತ್ತಿರಬೇಕು. ಅದು ಇನ್ನೂ ಕಠಿಣ ಶಿಸ್ತು.

ಅದಕ್ಕೆಂದೇ ಅವರದೊಂದು ಕಲಿಕೆಯ ಪದ್ಧತಿ ಬೆಳೆಯಿತು. ಅದರ ಕೇಂದ್ರ ಬೆನ್ನು. ನೆಟ್ಟಗೆ ನಿಲ್ಲುವುದು, ಮುಂದಕ್ಕೆ ಬಾಗುವುದು, ಹಿಂದಕ್ಕೆ ಕಮಾನಾಗುವುದು, ತಿರುಚುವುದು, ಪಕ್ಕಕ್ಕೆ ವಾಲುವುದು. ಬೆನ್ನು ಒಂದು ಕಡೆ ಹೊರಟರೆ ಕಾಲು ಬ್ಯಾಲೆಯ ವೇಗದಲ್ಲಿ ಇನ್ನೊಂದು ಕಡೆ.

1958ರ ‘ಸಮರ್‌ಸ್ಪೇಸ್’ ಈ ಎಲ್ಲದರ ತಿಳಿಯಾದ ಮಾದರಿ. ವೇದಿಕೆಗೆ ಆರು ಪ್ರವೇಶದ್ವಾರ, ಅವುಗಳ ನಡುವೆ 21 ಹಾದಿ. ಯಾರು ಯಾವ ಹಾದಿ ಹಿಡಿಯಬೇಕೆಂಬುದು ನಾಣ್ಯದ ಆಯ್ಕೆ. ರೌಶೆನ್‌ಬರ್ಗ್ ಹಿನ್ನೆಲೆಯ ಪರದೆಗೂ ನರ್ತಕರ ಉಡುಪಿಗೂ ಒಂದೇ ಬಗೆಯ ಬಣ್ಣದ ಚುಕ್ಕಿ ಹಚ್ಚಿದರು. ನರ್ತಕ ನಿಂತರೆ ಪರದೆಯಲ್ಲಿ ಕರಗುತ್ತಾನೆ, ಚಲಿಸಿದರೆ ಹೊರಬರುತ್ತಾನೆ. ವೇದಿಕೆಗೆ ಮಧ್ಯಬಿಂದುವೇ ಇಲ್ಲ. ಅದೇ ವರ್ಷದ ‘ಆಂಟಿಕ್ ಮೀಟ್’ನಲ್ಲಿ ಕನಿಂಗ್‌ಹ್ಯಾಮ್ ಬೆನ್ನಿಗೆ ಕುರ್ಚಿ ಕಟ್ಟಿಕೊಂಡು ಬಂದರು, ನಾಲ್ಕು ತೋಳಿರುವ ಆದರೆ ಕುತ್ತಿಗೆಗೆ ತೂತಿಲ್ಲದ ಸ್ವೆಟರಿನೊಳಗೆ ಒದ್ದಾಡಿದರು. ಎರಡೂ ಒಬ್ಬರದೇ ಕೃತಿ, ಒಂದೇ ಬೇಸಿಗೆಯವು.

— ಚೌಕಟ್ಟು —
ಬಸ್ಸು ಕೊಡಿಸಿದ ಅಣಬೆ
*ಜಾನ್ ಕೇಜ್ ಅಣಬೆಗಳ ಬಗ್ಗೆ ಆಳವಾಗಿ ತಿಳಿದವರು. 1959ರಲ್ಲಿ ಇಟಲಿಯ ಟೆಲಿವಿಷನ್ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಅಣಬೆಗಳ ಪ್ರಶ್ನೆಗಳಿಗೆ ಉತ್ತರಿಸಿ 50 ಲಕ್ಷ ಲೀರಾ ಗೆದ್ದರು. ಆ ಹಣದಲ್ಲಿ ಬಂದದ್ದು ಒಂದು ಸ್ಟೈನ್‌ವೇ ಪಿಯಾನೊ ಮತ್ತು ತಂಡಕ್ಕೊಂದು ಫೋಕ್ಸ್‌ವ್ಯಾಗನ್ ಬಸ್ಸು. ನರ್ತಕರು, ಸಂಗೀತಗಾರರು, ರಂಗಸಾಮಗ್ರಿ ಎಲ್ಲವನ್ನೂ ತುಂಬಿಕೊಂಡು ಆ ಬಸ್ಸು ಅಮೆರಿಕದ ಉದ್ದಗಲ ಓಡಿತು. ಬಹಳ ಸಲ ಚಾಲಕನ ಆಸನದಲ್ಲಿ ಕೂತವರು ಕೇಜ್.*

ಒಂದೇ ಕತ್ತಲು, ಐದು ಅರ್ಥ

1964ರಲ್ಲಿ ತಂಡ ಆರು ತಿಂಗಳ ಲೋಕಸಂಚಾರಕ್ಕೆ ಹೊರಟಿತು. ಯುರೋಪು ಮುಗಿಸಿ ಭಾರತ, ಥಾಯ್ಲೆಂಡ್, ಜಪಾನ್. ಅಹಮದಾಬಾದ್‌ನಲ್ಲಿ ಸಾರಾಭಾಯಿ ಕುಟುಂಬದ ಆತಿಥ್ಯ. ಅಮೆರಿಕದಲ್ಲಿ ಕಾಲೇಜು ಸಭಾಂಗಣಗಳಲ್ಲಿ ಕುಣಿಯುತ್ತಿದ್ದವರನ್ನು ಲಂಡನ್ ತಲೆಯ ಮೇಲೆ ಹೊತ್ತು ಮೆರೆಸಿತು. ವೆನಿಸ್‌ನಲ್ಲಿ ರೌಶೆನ್‌ಬರ್ಗ್‌ಗೆ ಚಿತ್ರಕಲೆಯ ಮಹಾಪ್ರಶಸ್ತಿ ಬಂತು. ಹಿಂತಿರುಗುವಷ್ಟರಲ್ಲಿ ತಂಡದೊಂದಿಗಿನ ಅವರ ನಂಟು ಕಡಿದಿತ್ತು.

ಆ ಯಾತ್ರೆಯಲ್ಲಿ ಹೆಚ್ಚು ಗಲಾಟೆ ಎಬ್ಬಿಸಿದ್ದು ‘ವಿಂಟರ್‌ಬ್ರಾಂಚ್’. ಅದೊಂದು ಬೀಳುವಿಕೆಯ ನೃತ್ಯ. ನರ್ತಕರು ಬೀಳುತ್ತಾರೆ, ಒಬ್ಬರನ್ನೊಬ್ಬರು ಎಳೆಯುತ್ತಾರೆ. ರಂಗ ಬಹುಪಾಲು ಕತ್ತಲು. ಮಧ್ಯೆ ಮಧ್ಯೆ ತೀವ್ರವಾದ ಬೆಳಕು ಪ್ರೇಕ್ಷಕರ ಕಣ್ಣಿಗೇ ಬಡಿಯುತ್ತದೆ, ಕಿವಿಗೆ ಕರ್ಕಶ ಸದ್ದು. ಕಥೆಯೆಂಬುದು ಇಲ್ಲವೇ ಇಲ್ಲ.

ಆದರೆ ನೋಡಿದವರೆಲ್ಲರಿಗೂ ಕಥೆ ಕಂಡಿತು. ಸ್ವೀಡನ್ನಿನವರು ಇದು ಜನಾಂಗೀಯ ಗಲಭೆ ಎಂದರು. ಜರ್ಮನರಿಗೆ ನಾಜಿ ಯಾತನಾಶಿಬಿರ ಕಂಡಿತು. ಲಂಡನ್ನಿನವರಿಗೆ ಬಾಂಬು ಬಿದ್ದ ನಗರ, ಟೋಕಿಯೊದವರಿಗೆ ಅಣುಬಾಂಬು. ಸಮುದ್ರಯಾನದ ಕಪ್ತಾನನ ಹೆಂಡತಿಯೊಬ್ಬಳು ಇದು ಹಡಗು ಮುಳುಗುವ ದೃಶ್ಯ ಎಂದಳು. ಕನಿಂಗ್‌ಹ್ಯಾಮ್ ಈ ಪ್ರಸಂಗವನ್ನು ಮುಂದೆಯೂ ಹೇಳುತ್ತಿದ್ದರು.

ರಸ ಹುಟ್ಟುವುದು ಸಹೃದಯನಲ್ಲಿ ಎಂದು ನಮ್ಮ ಮೀಮಾಂಸಕರು ಹೇಳಿದ್ದನ್ನು ಓದಿದವರಿಗೆ ಇದು ಅಚ್ಚರಿಯಲ್ಲ. 1951ರಲ್ಲಿ ನವರಸಗಳನ್ನು ವೇದಿಕೆಯ ಮೇಲೆ ತೋರಿಸಲು ಹೊರಟ ವ್ಯಕ್ತಿ 1964ಕ್ಕೆ ಅವನ್ನು ಪೂರ್ತಿಯಾಗಿ ಪ್ರೇಕ್ಷಕನ ವಶಕ್ಕೆ ಬಿಟ್ಟುಕೊಟ್ಟಿದ್ದರು. ಅವರು ಭಾರತೀಯ ಚಿಂತನೆಯಿಂದ ದೂರ ಸರಿದರು ಎಂಬ ಮಾತಿದೆ. ನನಗೆ ಹಾಗನ್ನಿಸುವುದಿಲ್ಲ. ಭಾವವನ್ನು ಅಭಿನಯಿಸುವುದನ್ನು ಬಿಟ್ಟ ಮೇಲೆಯೇ ಅವರು ರಸದ ಹತ್ತಿರ ಬಂದರು.

ಅದೇ ಯಾತ್ರೆಯಲ್ಲಿ, ವಿಯೆನ್ನಾದ ಒಂದು ಮ್ಯೂಸಿಯಂನಲ್ಲಿ, ಇನ್ನೊಂದು ಮಹತ್ವದ ಸಂಗತಿ ನಡೆಯಿತು. ಅಲ್ಲಿ ಸರಿಯಾದ ರಂಗಮಂಚವೇ ಇರಲಿಲ್ಲ. ಹಾಗಾಗಿ ಹಲವು ಕೃತಿಗಳ ತುಂಡುಗಳನ್ನು ಕತ್ತರಿಸಿ ಜೋಡಿಸಿ, ವಿರಾಮವಿಲ್ಲದೆ ಕುಣಿದರು. ಅದಕ್ಕೆ ‘ಈವೆಂಟ್’ ಎಂಬ ಹೆಸರು ಬಿತ್ತು. ಮುಂದಿನ ದಶಕಗಳಲ್ಲಿ ಚೌಕಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ, ಕಡಲತೀರದಲ್ಲಿ 700ಕ್ಕೂ ಹೆಚ್ಚು ಈವೆಂಟ್‌ಗಳು ನಡೆದವು. ಇನ್ನೊಬ್ಬರ ತಂಡದಲ್ಲಿ ಹಳೆಯ ಕೃತಿಯೆಂದರೆ ಮುಟ್ಟಬಾರದ ಆಸ್ತಿ. ಇಲ್ಲಿ ಅದು ಬಿಚ್ಚಿ ಮತ್ತೆ ಹೊಲಿಯಬಹುದಾದ ಬಟ್ಟೆಯಾಯಿತು.

ಹೀಲಿಯಂ ದಿಂಬು, ಕದ್ದ ಲಯ

1968ರ ‘ರೇನ್‌ಫಾರೆಸ್ಟ್’. ವೇದಿಕೆಯ ತುಂಬ ಆಂಡಿ ವಾರ್ಹಾಲ್ ಮಾಡಿದ ಬೆಳ್ಳಿಬಣ್ಣದ ದಿಂಬುಗಳು, ಒಳಗೆ ಹೀಲಿಯಂ. ಕೆಲವು ತೇಲುತ್ತವೆ, ಕೆಲವು ನೆಲದಲ್ಲಿ ಹೊರಳುತ್ತವೆ, ನರ್ತಕರ ಕಾಲು ತಗುಲಿದರೆ ಪ್ರೇಕ್ಷಕರತ್ತ ಹೊರಟುಬಿಡುತ್ತವೆ. ಜಾಸ್ಪರ್ ಜಾನ್ಸ್ ಮೈಬಣ್ಣದ ಬಿಗಿಯುಡುಪನ್ನು ಅಲ್ಲಲ್ಲಿ ಸೀಳಿದರು. ಡೇವಿಡ್ ಟ್ಯೂಡರ್‌ರ ಸಂಗೀತದಲ್ಲಿ ಹಕ್ಕಿಯೋ ಹುಳವೋ ಯಂತ್ರವೋ ತಿಳಿಯದ ಚಿಲಿಪಿಲಿ. ಆರು ನರ್ತಕರಲ್ಲಿ ಕನಿಂಗ್‌ಹ್ಯಾಮ್ ಒಬ್ಬರನ್ನು ಬಿಟ್ಟು ಉಳಿದವರು ತಮ್ಮ ಪಾಲು ಮುಗಿಸಿ ಹೊರನಡೆದರೆ ಮತ್ತೆ ಬರುವುದಿಲ್ಲ.

ಸಂಗೀತ, ನೃತ್ಯಗಳ ಅಗಲಿಕೆಗೆ ಒಂದು ಸುಂದರ ಅಪವಾದವೂ ಇದೆ. 1970ರಲ್ಲಿ ಕನಿಂಗ್‌ಹ್ಯಾಮ್ ಎರಿಕ್ ಸಾತಿಯ ‘ಸೊಕ್ರಾತ್’ನ ಲಯಕ್ಕೆ ಹೊಂದುವಂತೆ ಒಂದು ನೃತ್ಯ ಕಟ್ಟಿದರು. ಕೃತಿ ಸಿದ್ಧವಾಗುವ ಹೊತ್ತಿಗೆ ಸಂಗೀತದ ಪ್ರಕಾಶಕರು ಅನುಮತಿ ನಿರಾಕರಿಸಿದರು. ಕೇಜ್ ಉಪಾಯ ಹುಡುಕಿದರು. ಸಾತಿಯ ಲಯವನ್ನು ಹಾಗೇ ಇಟ್ಟುಕೊಂಡು ಸ್ವರಗಳನ್ನು ‘ಐ ಚಿಂಗ್’ ನೆರವಿನಿಂದ ಬದಲಿಸಿದರು. ಅದಕ್ಕಿಟ್ಟ ಹೆಸರು ‘ಚೀಪ್ ಇಮಿಟೇಶನ್’. ಗೆಳೆಯನ ಸಂಗೀತ ಅಗ್ಗದ ನಕಲಾದರೆ ತನ್ನ ನೃತ್ಯ ‘ಸೆಕೆಂಡ್ ಹ್ಯಾಂಡ್’ ಇರಲಿ ಎಂದರು ಕನಿಂಗ್‌ಹ್ಯಾಮ್.

1971ರಿಂದ ನ್ಯೂಯಾರ್ಕ್‌ನ ವೆಸ್ಟ್‌ಬೆತ್ ಕಟ್ಟಡದ 11ನೇ ಮಹಡಿ ತಂಡದ ಮನೆಯಾಯಿತು. ಸಂಧಿವಾತದಿಂದ ಕಾಲುಗಳು ಸೋಲುತ್ತಿದ್ದಂತೆ, ಎಪ್ಪತ್ತರ ಹರೆಯದಲ್ಲಿ, ಅವರು ಕಂಪ್ಯೂಟರ್ ಮುಂದೆ ಕೂತರು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ‘ಲೈಫ್‌ಫಾರ್ಮ್ಸ್’ ತಂತ್ರಾಂಶದಲ್ಲಿ ಪುಟ್ಟ ಮಾನವಾಕೃತಿಗಳನ್ನು ಕುಣಿಸಿ, ಆ ಅಸಾಧ್ಯ ಭಂಗಿಗಳನ್ನು ನರ್ತಕರ ಮುಂದಿಟ್ಟರು. ತೋಳು, ಬೆನ್ನು, ಕಾಲು ಮೂರೂ ಬೇರೆ ಬೇರೆ ಕಡೆ ಎಳೆಯುವ ಆ ಭಂಗಿಗಳನ್ನು ಸಾಧಿಸುವುದು ಮೊದಲಿಗೆ ನರ್ತಕರಿಗೆ ಹಿಂಸೆಯಾಗುತ್ತಿತ್ತು. 1999ರ ‘ಬೈಪೆಡ್’ನಲ್ಲಿ ಬೆಳಕಿನ ಗೆರೆಗಳ ದೈತ್ಯ ಆಕೃತಿಗಳು ಪಾರದರ್ಶಕ ಪರದೆಯ ಮೇಲೆ ಜೀವಂತ ನರ್ತಕರ ಜೊತೆ ಹೆಜ್ಜೆ ಹಾಕಿದವು. ಅದೇ ವರ್ಷ 80ರ ಕನಿಂಗ್‌ಹ್ಯಾಮ್ ಮಿಖಾಯಿಲ್ ಬರಿಷ್ನಿಕೋವ್ ಜೊತೆ ವೇದಿಕೆಗೆ ಬಂದರು.

ಈ ಕೊನೆಯ ಘಟ್ಟದ ಕೃತಿಗಳ ವ್ಯಾಪ್ತಿ ದೊಡ್ಡದು. ಕೇಜ್ ಕಂಡ ಕನಸನ್ನು ಅವರು ತೀರಿಕೊಂಡ ಮೇಲೆ, 1994ರಲ್ಲಿ, ಕನಿಂಗ್‌ಹ್ಯಾಮ್ ‘ಓಷನ್’ ಎಂದು ನನಸಾಗಿಸಿದರು. ನಡುವೆ ವೃತ್ತಾಕಾರದ ವೇದಿಕೆ, ಸುತ್ತ ಪ್ರೇಕ್ಷಕರು, ಅವರ ಸುತ್ತ 112 ವಾದಕರು, 90 ನಿಮಿಷ. 2008ರಲ್ಲಿ ಅದನ್ನು ಮಿನೆಸೋಟಾದ ಗ್ರಾನೈಟ್ ಕ್ವಾರಿಯ ತಳದಲ್ಲಿ ಆಡಿದರು. 2003ರ ‘ಸ್ಪ್ಲಿಟ್ ಸೈಡ್ಸ್’ಗೆ ರೇಡಿಯೊಹೆಡ್ ಮತ್ತು ಸಿಗುರ್ ರೋಸ್ ಎಂಬ ರಾಕ್ ತಂಡಗಳ ಸಂಗೀತ. ನೃತ್ಯ, ಸಂಗೀತ, ದೃಶ್ಯ, ಉಡುಪು, ಬೆಳಕು ಪ್ರತಿಯೊಂದರಲ್ಲೂ ಎರಡೆರಡು. ಯಾವುದು ಮೊದಲೆಂದು ಪ್ರೇಕ್ಷಕರೆದುರೇ ದಾಳ ಉರುಳಿಸಿ ನಿರ್ಧರಿಸುತ್ತಾರೆ. ಹೀಗೆ ಒಂದೇ ಕೃತಿ 32 ರೂಪ ತಾಳಬಲ್ಲದು.

ಒಡೆಯ ಹೋದ ಮೇಲೆ

ನೃತ್ಯದ ಆಸ್ತಿ ಯಾರದು? ಮಾರ್ತಾ ಗ್ರಹಾಂ 1991ರಲ್ಲಿ ತೀರಿಕೊಂಡ ಮೇಲೆ ಈ ಪ್ರಶ್ನೆ ನ್ಯಾಯಾಲಯ ಹತ್ತಿತು. ಆಕೆಯ ವಾರಸುದಾರ ಒಂದು ಕಡೆ, ಆಕೆಯೇ ಕಟ್ಟಿದ ಸಂಸ್ಥೆ ಇನ್ನೊಂದು ಕಡೆ. ತಂಡ ಕುಣಿಯುವುದನ್ನೇ ನಿಲ್ಲಿಸಬೇಕಾಯಿತು. 2002ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಬಹುಪಾಲು ಕೃತಿಗಳು ಸಂಸ್ಥೆಗೆ ಸೇರಿದವು ಎಂದಿತು. ತನ್ನ ಗುರುಸ್ಥಾನದಲ್ಲಿದ್ದವಳ ನೃತ್ಯಗಳು ಕಟಕಟೆಯಲ್ಲಿ ನಿಂತದ್ದನ್ನು ಕನಿಂಗ್‌ಹ್ಯಾಮ್ ನೋಡಿದ್ದರು.

ಇನ್ನೊಂದು ಸಂಗತಿ ಗಮನಾರ್ಹ. 2009ರ ಜೂನ್ 30ರಂದು, ಕನಿಂಗ್‌ಹ್ಯಾಮರಿಗಿಂತ ಒಂದು ತಿಂಗಳೂ ಮುಂಚೆಯಲ್ಲ, ಜರ್ಮನಿಯ ಪೀನಾ ಬೌಶ್ ಹಠಾತ್ತನೆ ತೀರಿಕೊಂಡರು. ಆಕೆಯ ವುಪ್ಪರ್‌ಟಾಲ್ ತಂಡ ನಿಲ್ಲಲಿಲ್ಲ. ಹಳೆಯ ಕೃತಿಗಳನ್ನು ಆಡುತ್ತ, ಹೊಸ ನಿರ್ದೇಶಕರನ್ನು ಕರೆತರುತ್ತ ಇಂದಿಗೂ ನಡೆದಿದೆ. ಬೌಶ್ ಕೃತಿಗಳು ಆಯಾ ನರ್ತಕರ ನೆನಪು, ಮಾತು, ಗಾಯಗಳಿಂದ ಹುಟ್ಟಿದವು. ಅವಕ್ಕೆ ಮನೆಯಂಥ ತಂಡವೊಂದು ಬೇಕು. ಕನಿಂಗ್‌ಹ್ಯಾಮರ ಕೃತಿಗಳು ಹಾಗಲ್ಲ. ಸಂಗೀತ ಇಲ್ಲದೆಯೂ, ದೃಶ್ಯ ಇಲ್ಲದೆಯೂ, ಆದಿ ಅಂತ್ಯ ಇಲ್ಲದೆಯೂ ನಿಲ್ಲುವಂತೆ ಕಟ್ಟಿದ ನೃತ್ಯ ತಂಡವಿಲ್ಲದೆಯೂ ನಿಲ್ಲಬೇಕು. ಅವರ ನಿರ್ಧಾರವನ್ನು ಕಠೋರ ಎಂದವರಿದ್ದಾರೆ. ಅವರದೇ ಕಲೆಯ ತರ್ಕಕ್ಕೆ ಅದಕ್ಕಿಂತ ನಿಷ್ಠವಾದ ದಾರಿ ನನಗೆ ಕಾಣುವುದಿಲ್ಲ.

ಕೊನೆಯ ಯಾತ್ರೆ 2010ರ ಫೆಬ್ರುವರಿಯಲ್ಲಿ ಒಹಾಯೊದಿಂದ ಹೊರಟಿತು. 18 ಕೃತಿಗಳು ಸಿದ್ಧವಾಗಿದ್ದವು, ಬಹುಕಾಲದಿಂದ ಯಾರೂ ಕುಣಿಯದಿದ್ದ ಕೆಲವನ್ನು ಹಳೆಯ ಚಿತ್ರಸುರುಳಿ, ಟಿಪ್ಪಣಿ, ಹಿರಿಯ ನರ್ತಕರ ನೆನಪುಗಳಿಂದ ಮತ್ತೆ ಎಬ್ಬಿಸಲಾಯಿತು. ‘ಆಂಟಿಕ್ ಮೀಟ್’ನ ಕುರ್ಚಿ ಈಗ ರಶಾನ್ ಮಿಚೆಲ್, ರಾಬರ್ಟ್ ಸ್ವಿನ್‌ಸ್ಟನ್‌ರಂಥ ನರ್ತಕರಿದ್ದ ತಂಡದ ಪಾಲಿಗೆ ಬಂತು. 1980ರಿಂದ ತಂಡದಲ್ಲಿದ್ದ ಸ್ವಿನ್‌ಸ್ಟನ್ ಈ ಇಡೀ ಯಾತ್ರೆಯ ನೃತ್ಯನಿರ್ದೇಶನ ಹೊತ್ತರು. ರಂಗಸಜ್ಜಿಕೆ, ಉಡುಪುಗಳ ಸಂಗ್ರಹ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರ್‌ಗೆ, ಕಾಗದಪತ್ರ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದವು.

ನೃತ್ಯಗಳಿಗೆ ಟ್ರಸ್ಟ್ ಮಾಡಿದ್ದು ‘ಡಾನ್ಸ್ ಕ್ಯಾಪ್ಸೂಲ್’. ಒಂದು ಕೃತಿಗೆ ಸಂಬಂಧಿಸಿದ ವಿಡಿಯೊ, ಸಂಗೀತ, ಬೆಳಕಿನ ನಕ್ಷೆ, ಉಡುಪಿನ ವಿವರ, ಕನಿಂಗ್‌ಹ್ಯಾಮರ ಕೈಬರಹದ ಟಿಪ್ಪಣಿ ಎಲ್ಲವೂ ಒಂದೇ ಕಡೆ, ಡಿಜಿಟಲ್ ರೂಪದಲ್ಲಿ. ಹೀಗೆ 80ಕ್ಕೂ ಹೆಚ್ಚು ಕೃತಿಗಳು ದಾಖಲಾದವು. ಒಟ್ಟು ಸುಮಾರು 180ರಲ್ಲಿ ಇದು ಅರ್ಧಕ್ಕೆ ಹತ್ತಿರ. ಇಷ್ಟು ಮುಂದಾಲೋಚನೆ, ಇಷ್ಟು ಹಣ, ಇಷ್ಟು ಪ್ರೀತಿ ಇದ್ದ ತಂಡದ ಪಾಡೇ ಹೀಗಾದರೆ, ದಾಖಲೆಯ ಯೋಚನೆಯೇ ಇಲ್ಲದ ಎಷ್ಟು ನೃತ್ಯಪರಂಪರೆಗಳು ಕಣ್ಣೆದುರೇ ಕರಗಿಹೋಗಿರಬೇಕು! ಇದು ನನ್ನನ್ನು ನಿಜಕ್ಕೂ ಕಲಕುವ ಸಂಗತಿ.

ಕಲಿಸುವವರು

2019ರ ಏಪ್ರಿಲ್ 16, ಕನಿಂಗ್‌ಹ್ಯಾಮ್ ಜನ್ಮಶತಮಾನೋತ್ಸವದ ದಿನ. ಲಂಡನ್, ನ್ಯೂಯಾರ್ಕ್, ಲಾಸ್ ಏಂಜಲೀಸ್. ಒಂದೇ ದಿನ ಮೂರೂ ಊರುಗಳಲ್ಲಿ ‘ನೈಟ್ ಆಫ್ 100 ಸೋಲೋಸ್’. ಪ್ರತಿ ಊರಲ್ಲೂ 25 ನರ್ತಕರು, ನೂರು ಏಕವ್ಯಕ್ತಿ ನೃತ್ಯಗಳು. ಎಷ್ಟೋ ಸಲ ಇಬ್ಬರು ಮೂವರು ಒಟ್ಟಿಗೇ ವೇದಿಕೆಯಲ್ಲಿ, ಒಬ್ಬರ ಕೃತಿ ಐವತ್ತರ ದಶಕದ್ದು, ಇನ್ನೊಬ್ಬರದು ಅದಕ್ಕೆ ನಲವತ್ತು ವರ್ಷ ನಂತರದ್ದು.

ಆ 75 ಮಂದಿ ಬ್ಯಾಲೆಯಿಂದ, ಇತರ ಆಧುನಿಕ ತಂಡಗಳಿಂದ ಬಂದವರು. ಕ್ಯಾಪ್ಸೂಲ್‌ನ ವಿಡಿಯೊ ನೋಡಿ ಅವರು ಹೆಜ್ಜೆಗಳ ಕ್ರಮ ಕಲಿಯಬಹುದಿತ್ತು. ಭಾರ ಯಾವ ಕ್ಷಣದಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಬೇಕು, ಉಸಿರು ಎಲ್ಲಿ ಹಿಡಿಯಬೇಕು, ನಿಶ್ಶಬ್ದದಲ್ಲಿ ಪಕ್ಕದವನ ವೇಗವನ್ನು ಹೇಗೆ ಗ್ರಹಿಸಬೇಕು ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಅದನ್ನು ಹೇಳಿಕೊಟ್ಟವರು ತಂಡದ ಮಾಜಿ ನರ್ತಕರು. ಯಾವುದೋ ಸೋಲೊವನ್ನು ತಾವೇ ಮೊದಲು ಕುಣಿದವರು, ಇಲ್ಲವೇ ಮೊದಲು ಕುಣಿದವರಿಂದ ಕಲಿತವರು.

ಟ್ರಸ್ಟ್ ಈಗಲೂ ಇದೇ ಕ್ರಮದಲ್ಲಿ ನಡೆಯುತ್ತದೆ. ಕೃತಿಯೊಂದು ಬೇಕೆನ್ನುವ ತಂಡ ಪರವಾನಗಿ ಪಡೆಯಬೇಕು, ಮಾಜಿ ನರ್ತಕರಲ್ಲೊಬ್ಬರು ಅಲ್ಲಿಗೆ ಹೋಗಿ ವಾರಗಟ್ಟಲೆ ಕಲಿಸುತ್ತಾರೆ. ಹೆಜ್ಜೆಗೆ ಬರುವ ಮುನ್ನ ತರಗತಿ ನಡೆಯುತ್ತದೆ, ಅದು ಶುರುವಾಗುವುದು ಬೆನ್ನಿನ ಪಾಠದಿಂದ.